ಆಸರಿಗೆ ಎಂತ ಬೇಕು?

ನನ್ನ ಗಂಡನ ಅಕ್ಕನಿಗೆ ಒಂದು ರೋಗ ಉಂಟು, ಮದ್ದಿಲ್ಲದ್ದು. ಕಣ್ಣಿಗೆ ಬಿದ್ದವರನ್ನೆಲ್ಲ "ಆಸರಿಗೆ ಎಂತ ಬೇಕು?" ಎಂದು ಕೇಳುವ ರೋಗ! ಬಾಯಾರಿಕೆಗೆ ನಮ್ಮಲ್ಲಿ ಆಸರು ಅನ್ನುತ್ತೇವೆ. ಕರೆಂಟ್ ಬಿಲ್ಲಿನವನು ಈಗ ಬೈಕನ್ನು ದೂರ ನಿಲ್ಲಿಸಿ, ಕಳ್ಳನ ಹಾಗೆ ಬಂದು ಮೀಟರ್ ನೋಡಿ ಓಡುತ್ತಾನೆ. ದರ್ಬೆ ಪೇಟೆಯ ಹಲ್ಲಿನ ಡಾಕ್ಟರು ಬಾಯಿ ತೆರೆಯಿರಿ ಎಂದರೆ, ಚೀಲದಿಂದ ಮಜ್ಜಿಗೆ ಬಾಟಲಿ ತೆಗೆದು "ಮೊದಲು ನೀವು ತೆರೀರಿ" ಎಂದವರು ಇವರು!

ಈ ಮಳೆಗಾಲ ಮರ್ಕಂಜದ ಆಚೆ ಗುಡ್ಡ ಜರಿದು ಮನೆಗಳು ಹೋದವು. ಆ ಜನರನ್ನು ನಮ್ಮೂರ ಶಾಲೆಗೆ ಕರೆತಂದರು. ಗೇಟಿಗೆ "ಆಸರೆ ಕೇಂದ್ರ" ಎಂದು ಬ್ಯಾನರ್ ಕಟ್ಟಿದರು. ಅತ್ತಿಗೆಗೆ ಅಕ್ಷರ ನನಗಿಂತಲೂ ಕಡಿಮೆ.

"ನೋಡು ಮಾರಾಯ್ತಿ, ಆಸರಿನ ಕೇಂದ್ರವಂತೆ! ಒಳಗೆ ಒಂದು ಲೋಟ ಪುನರ್ಪುಳಿ ಶರಬತ್ತಿಲ್ಲ!"

"ಅದು ಆಸರೆ ಅತ್ತಿಗೆ. ಇರ್ಲಿಕ್ಕೆ ಜಾಗ."

"ಜಾಗ ಕೊಟ್ಟು ಆಸರಿಗೆ ಕೇಳದಿದ್ರೆ ಅದೆಂತ ಜಾಗ? ದನದ ಹಟ್ಟಿಯಾ?"

ಮರುದಿನದಿಂದ ಶರಬತ್ತಿನ ಕೊಡ ನನ್ನ ಸೊಂಟದ ಮೇಲೆ. ಸೇವೆ ಅವರದು, ಹೊರುವುದು ನಾನು! ಪೇಪರಿನವನೊಬ್ಬ ಬಂದು ಅತ್ತಿಗೆಯನ್ನು "ಯಾಕಜ್ಜಿ ಇದೆಲ್ಲ ಮಾಡ್ತೀರಿ?" ಎಂದು ಕೇಳಿದ.

"ಮನೇಲಿದ್ರೆ ಇವಳ ಮುಖ ನೋಡ್ಬೇಕಲ್ಲ! ನಿಮಗೆ ಆಸರಿಗೆ?"

ಅವನು ಬರೆದುಕೊಳ್ಳಲಿಲ್ಲ. ಲೋಟ ಮಾತ್ರ ಖಾಲಿ ಮಾಡಿದ.

ಒಬ್ಬ ಹೆಂಗಸು ಮಾತ್ರ ಇವರಿಗೆ ಸೋಲಲಿಲ್ಲ. ನಮ್ಮದೇ ಪ್ರಾಯ, ಮನೆ ಪೂರ ಹೋಗಿತ್ತು. ಬಂದಂದಿನಿಂದ ಮುಖ ಗೋಡೆಯ ಕಡೆ. ಅನ್ನ ಮುಟ್ಟಲಿಲ್ಲ, ಬಾಯಿ ಒದ್ದೆಯಾಗುವಷ್ಟು ನೀರು ಬಿಟ್ಟರೆ ಬೇರೆ ಕುಡಿಯಲಿಲ್ಲ. ಹೀಗೇ ಆದರೆ ಉಳಿಯುವುದಿಲ್ಲ ಎಂದು ನರ್ಸಮ್ಮ ಹೆದರಿದ್ದರು.

"ಕೈಯೊಡ್ಡಿ ಕುಡಿದು ನಂಗೆ ಅಭ್ಯಾಸ ಇಲ್ಲ" ಎಂದಷ್ಟೇ ಅವಳ ಮಾತು.

ಅತ್ತಿಗೆ ಬೇಡಿದರು, ಬೈದರು. ಕೊನೆಗೆ ಕೊಡವನ್ನು ಅವಳ ಹತ್ತಿರ ಸರಿಸಿ, ಅವಳ ಚಾಪೆಯ ತುದಿಯಲ್ಲಿ ದೊಪ್ಪನೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡರು.

"ಎಂತ ಮಾರಾಯ್ತಿ ನೀವು? ನಿಮ್ಮಲ್ಲಿಗೆ ಬಂದು ಎಷ್ಟು ಹೊತ್ತಾಯ್ತು! ಬಂದವರನ್ನು ಒಂದು ಮಾತು ಕೇಳುದು ಬೇಡ್ವಾ?"

ಹೆಂಗಸು ತಿರುಗಿದಳು. ಚಾಪೆ ನೋಡಿದಳು, ಕೊಡ ನೋಡಿದಳು. ಎದ್ದು ಕೂದಲು ಕಟ್ಟಿಕೊಂಡು, ಲೋಟ ತೊಳೆದು, ಶರಬತ್ತು ಬಗ್ಗಿಸಿದಳು.

"ಆಸರಿಗೆ ಇಷ್ಟು ಸಾಕಾ ಅಕ್ಕ?"

"ಸಾಕು. ನೀವೂ ತಗೊಳ್ಳಿ, ಒಬ್ಬಳೇ ಕುಡೀಲಿಕ್ಕೆ ನಂಗಾಗುದಿಲ್ಲ."

ಇಬ್ಬರೂ ಕುಡಿದರು. ನನ್ನನ್ನು ಯಾರೂ ಕೇಳಲಿಲ್ಲ!

ದಾರಿಯಲ್ಲಿ ಸೊಂಟ ಹಗುರ ಅನಿಸಿತು. "ಅತ್ತಿಗೆ, ಕೊಡ ಅಲ್ಲೇ ಉಳಿಯಿತು" ಎಂದೆ.

"ಸುಮ್ಮನೆ ನಡಿ. ಆ ಮನೆಗೊಂದು ಕೊಡ ಬೇಡ್ವಾ?"