ಎಲೆಕ್ಟ್ರಾನು ಹೋಗುವ ದಿಕ್ಕು, ನನ್ನ ಹೊಟ್ಟೆಕಿಚ್ಚು

ಮಂಕಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಬೇರೆ ಪಾಠಗಳೆಲ್ಲ ಸುಸೂತ್ರವಾಗಿ ಮುಗಿಯುತ್ತವೆ. ವಿದ್ಯುತ್ತಿನ ಪಾಠ ಬಂತೆಂದರೆ ಮಾತ್ರ ಪ್ರತಿ ವರ್ಷ ಏನಾದರೊಂದು ಆಗಿ ನನ್ನ ಮಾನ ಹೋಗುತ್ತದೆ.

ಬಾಣದ ಗುರುತು

ಬೋರ್ಡಿನ ಮೇಲೆ ಬ್ಯಾಟರಿ, ಬಲ್ಬು ಬರೆದೆ. ವಿದ್ಯುತ್ತು ಧನದಿಂದ ಋಣಕ್ಕೆ ಹೋಗುತ್ತದೆಂದು ಬಾಣ ಹಾಕಿದೆ. ಆಮೇಲೆ, "ಆದರೆ ಎಲೆಕ್ಟ್ರಾನು ಹೋಗೋದು ಋಣದಿಂದ ಧನಕ್ಕೆ" ಎಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಹಂಗಾರೆ ಬಾಣ ಉಲ್ಟಾ ಎಂತಕ್ಕೆ ಸರ್?"

"ಎಲೆಕ್ಟ್ರಾನು ಸಿಗುವ ಮೊದಲೇ ಹಿರಿಯರು ದಿಕ್ಕು ಗೊತ್ತು ಮಾಡಿಬಿಟ್ಟಿದ್ದರು."

"ತಪ್ಪು ಅಂತ ಗೊತ್ತಾದ ಮೇಲೂ ತಿದ್ದಲಿಲ್ವಾ?"

"ಇಲ್ಲ. ಹಾಗೇ ನಡೆಸಿಕೊಂಡು ಬಂದರು."

"ಆತು ಬಿಡಿ ಸರ್, ನಮ್ಮನೆ ಅಜ್ಜನೂ ಹಂಗೇಯಾ" ಎಂದು ಕೂತಳು. ಇಡೀ ತರಗತಿಗೆ ಪಾಠ ಒಮ್ಮೆಲೇ ಅರ್ಥವಾಯಿತು.

ಮೇಡಮ್ಮನ ಬಸ್ಸು

ಈ ವರ್ಷ ಕುಮಟಾ ಕಡೆಯಿಂದ ಹೊಸ ಮೇಡಂ ಬಂದರು. ಅವರದೂ ವಿಜ್ಞಾನವೇ. ಬಂದ ವಾರದಿಂದಲೇ ಪಕ್ಕದ ಕೋಣೆಯಿಂದ ನಗು ಕೇಳತೊಡಗಿತು. ನನ್ನ ತರಗತಿಯಲ್ಲಿ ಆಕಳಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಹೊಟ್ಟೆ ಉರಿಯಿತು ಎಂದು ಹೇಳಲು ನಾಚಿಕೆಯಿಲ್ಲ. ಕುಮಟಾದಲ್ಲಿ ನಡೆಯುವ ಶಿಕ್ಷಕರ ತರಬೇತಿಯಲ್ಲಿ ಪಾಠ ಹೇಳಲು ನಮ್ಮ ಶಾಲೆಯಿಂದ ಒಬ್ಬರನ್ನು ಆರಿಸುವವರಿದ್ದರು. ಆ ಅವಕಾಶಕ್ಕಾಗಿ ನಾನು ವರ್ಷಗಳಿಂದ ಆಸೆಪಟ್ಟು ಕೂತಿದ್ದೆ.

ಒಂದು ದಿನ ಗೋಡೆಗೆ ಕಿವಿ ಕೊಟ್ಟೆ. ಎಲೆಕ್ಟ್ರಾನು ಆಮೆಗಿಂತ ನಿಧಾನ, ಆದರೂ ಗುಂಡಿ ಒತ್ತಿದ ಕೂಡಲೇ ಬಲ್ಬು ಹೇಗೆ ಉರಿಯುತ್ತದೆ ಎಂದು ಮೇಡಂ ಹೇಳುತ್ತಿದ್ದರು. "ಭಟ್ಕಳದ ಬಸ್ಸು ತುಂಬಿ ತುಳುಕ್ತಾ ಇದೆ. ಹಿಂದಿನ ಬಾಗಿಲಲ್ಲಿ ಒಬ್ಬನ್ನ ತುರುಕಿದ್ರೆ ಮುಂದಿನ ಬಾಗಿಲಲ್ಲಿ ಒಬ್ಬ ಆಗಲೇ ಉದುರ್ತಾನೆ!"

ಎಷ್ಟು ಚೆನ್ನಾಗಿತ್ತೆಂದರೆ ನನಗೆ ಸಿಟ್ಟೇ ಬಂತು. ಮರುದಿನ ಅದನ್ನೇ ನನ್ನ ತರಗತಿಯಲ್ಲಿ ನನ್ನದೆಂಬಂತೆ ಹೇಳಿದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಮೇಡಮ್ಮನ ಬಸ್ಸು ನಿನ್ನೇನೇ ಹೋತು" ಎಂದ.

ಕಟ್ಟೆಯ ಸುತ್ತ

ತರಬೇತಿಗೆ ಆರಿಸಲು ಪರಿವೀಕ್ಷಕರು ಬಂದ ದಿನ ಮೇಡಂ ಪಾಠವನ್ನು ಮೈದಾನಕ್ಕೇ ತಂದರು. ಅಶ್ವತ್ಥಕಟ್ಟೆಯ ಮುಂದೆ ಅಕ್ಕಪಕ್ಕ ಇಬ್ಬರು ಹುಡುಗಿಯರು, ಒಬ್ಬಳ ಕೈಯಲ್ಲಿ 'ಧನ', ಇನ್ನೊಬ್ಬಳ ಕೈಯಲ್ಲಿ 'ಋಣ' ಎಂಬ ಫಲಕ. ಉಳಿದ ಮಕ್ಕಳು ಎಲೆಕ್ಟ್ರಾನುಗಳಾಗಿ ಒಬ್ಬರ ಹಿಂದೊಬ್ಬರು ಕಟ್ಟೆ ಸುತ್ತಬೇಕು. ನೋಡಲು ಪಾಲಕರೂ ನೆರೆದಿದ್ದರು.

ಮಕ್ಕಳು ಓಡಿದರು. ದೇವರ ಕಟ್ಟೆಯಲ್ಲವೇ, ಕಾಲು ತಾನಾಗಿಯೇ ಪ್ರದಕ್ಷಿಣೆಯ ದಿಕ್ಕು ಹಿಡಿಯಿತು. ಧನದಿಂದ ಹೊರಟು ಋಣಕ್ಕೆ ಬಂದು ಮುಟ್ಟಿದರು. ಉಲ್ಟಾ! ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ಆದದ್ದಿಲ್ಲ.

"ಸರ್, ತಪ್ಪು! ಎಲೆಕ್ಟ್ರಾನು ಹಾಗೆ ಹೋಗೂದಿಲ್ಲ!" ಎಂದು ಪರಿವೀಕ್ಷಕರಿಗೆ ಕೇಳುವಂತೆ ಎದ್ದು ಕೂಗಿದೆ.

ಮೇಡಂ ಒಂದಿಷ್ಟೂ ಕಂಗೆಡದೆ, "ಹೌದು ಸರ್. ಇವರು ಎಲೆಕ್ಟ್ರಾನ್ ಅಲ್ಲ, ಪುಸ್ತಕದ ಬಾಣ" ಎಂದರು. ಚಪ್ಪಾಳೆ ಬಿತ್ತು.

ಪರಿವೀಕ್ಷಕರು ನನ್ನ ಕಡೆ ತಿರುಗಿ, "ಹಾಗಾದ್ರೆ ಎಲೆಕ್ಟ್ರಾನು ಹೇಗೆ ಹೋಗ್ತದೆ? ನೀವೇ ತೋರಿಸಿಬಿಡಿ" ಎಂದರು.

ಬೇರೆ ದಾರಿಯಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಋಣದಿಂದ ಧನಕ್ಕೆ, ಇನ್ನೂ ಸುತ್ತುತ್ತ ಎದುರು ಬರುತ್ತಿದ್ದ ಮಕ್ಕಳ ಸಾಲನ್ನು ಸರಿಸುತ್ತ ಓಡಿದೆ. ಪಾಲಕರ ನಡುವೆ ಕೂತಿದ್ದ ನಮ್ಮ ಕೇರಿಯ ಅಜ್ಜಿ ಗಾಬರಿಯಿಂದ, "ಅಯ್ಯೋ, ಮಾಸ್ತರು ಅಪ್ರದಕ್ಷಿಣೆ ಬತ್ರಲ್ಲ! ಸಾವಿನ ಮನೇಲಿ ಬರೂ ಹಾಂಗೆ! ಯಾರು ಹೋದ್ರು?" ಎಂದಳು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಅಜ್ಜಿ ಆಗಲೇ ಕೇರಿಯ ಕಡೆ ಹೊರಟಿದ್ದಳು.

ನಾನು ಏದುಸಿರು ಬಿಡುತ್ತ ನಿಂತಾಗ ಪರಿವೀಕ್ಷಕರು ಮೇಡಂಗೆ ಹೇಳುತ್ತಿದ್ದರು: "ಕುಮಟಾ ತರಬೇತಿಗೆ ನೀವೇ ಬನ್ನಿ. ಎಲೆಕ್ಟ್ರಾನ್ ಆಗ್ಲಿಕ್ಕೆ ಈ ಸರನ್ನೂ ಕರಕೊಂಡು ಬನ್ನಿ."

ಸಂಜೆ ಮನೆಗೆ ಬಂದೆ. ಅಜ್ಜಿ ನನಗಿಂತ ಮೊದಲೇ ಬಂದು ಸುದ್ದಿ ಮುಟ್ಟಿಸಿದ್ದಳು. ಅಂಗಳದಲ್ಲಿ ಅಕ್ಕಪಕ್ಕದವರು ಸಪ್ಪೆ ಮುಖ ಹಾಕಿ ನಿಂತಿದ್ದರು. ಹೆಂಡತಿ ಸೆರಗು ಬಾಯಿಗೆ ಹಿಡಿದು ಕೇಳಿದಳು: "ಎಂತದು? ಯಾರು ತೀರ್ಕಂಡ್ರು?"

"ನಾನೇ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದೆ.