ಅಮೆರಿಕದ ಚುನಾವಣೆಯೂ ನಮ್ಮತ್ತೆಯ ವೀಸಾವೂ

ಲೋಕದ ಸುದ್ದಿ ತಿಳಿದಿರಬೇಕು ಎನ್ನುವವರ ಪೈಕಿ ನಾನೂ ಒಬ್ಬ. ಎಷ್ಟು ತಿಳಿದಿರಬೇಕು ಎಂಬ ವಿಚಾರದಲ್ಲಿ ಮಾತ್ರ ನನಗೂ ನನ್ನ ಹೆಂಡತಿ ಶೈಲಜಾಗೂ ಇನ್ನೂ ಒಮ್ಮತ ಮೂಡಿಲ್ಲ.

ಎರಡು ಸಾವಿರದ ಎಂಟರಲ್ಲಿ ಅಮೆರಿಕದ ಬ್ಯಾಂಕುಗಳು ಒಂದೊಂದಾಗಿ ಮಕಾಡೆ ಮಲಗುತ್ತಿದ್ದಾಗಲೇ ಅಲ್ಲಿ ಅಧ್ಯಕ್ಷರ ಚುನಾವಣೆಯೂ ಬಂದಿತ್ತು. ನಾವಿರುವುದು ಕೆನಡಾದ ವುಡ್‌ಬ್ರಿಡ್ಜಿನಲ್ಲಿ. ಅಮೆರಿಕದಲ್ಲಿ ನನಗೆ ವೋಟಿಲ್ಲ, ನೆಂಟರೂ ಇಲ್ಲ. ಆದರೆ ನಾನು ಇಂಜಿನಿಯರಾಗಿರುವ, ಇಲ್ಲಿನ ವಾನ್ ನಗರದ ಕಾರ್ಖಾನೆಯಲ್ಲಿ ತಯಾರಾಗುವ ಕಾರಿನ ಸೀಟುಗಳೆಲ್ಲ ಗಡಿ ದಾಟಿ ಅಲ್ಲಿಗೇ ಹೋಗಬೇಕು. ಅವರು ಕಾರು ಕೊಳ್ಳದಿದ್ದರೆ ನಾವು ಅಕ್ಕಿ ಕೊಳ್ಳುವಂತಿಲ್ಲ. ಹೀಗಾಗಿ ಟೀವಿ ಮುಂದೆ ಕೂರುವುದನ್ನು ನಾನು ಓವರ್‌ಟೈಮ್ ಎಂದೇ ಭಾವಿಸಿದ್ದೆ. ಯಾವ ರಾಜ್ಯ ಯಾರ ಕಡೆ ವಾಲುತ್ತಿದೆ, ವಾಲಿದ್ದು ಏಕೆ, ಮತ್ತೆ ನೆಟ್ಟಗಾಗುವುದು ಯಾವಾಗ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಊಟಕ್ಕೆ ಕರೆದರೆ "ಓಹಾಯೋ ಮುಗಿಯಲಿ" ಎನ್ನುತ್ತಿದ್ದೆ.

"ಓಹಾಯೋದಾಗ ಯಾರದಾರ್ರೀ ನಿಮಗ? ಸಾರು ಆರಾಕತ್ತೈತಿ," ಎಂದು ಧಾರವಾಡದವಳಾದ ಶೈಲಜಾ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಆಕೆಯ ಚಿಂತೆಯೇ ಬೇರೆ. ಮಗಳನ್ನು ನೋಡಲು ಕೆನಡಾಕ್ಕೆ ಬರಬೇಕೆಂದಿದ್ದ ನಮ್ಮತ್ತೆಗೆ ವೀಸಾ ನಿರಾಕರಿಸಿ ಕಾಗದ ಬಂದಿತ್ತು. ಬಂದವರು ತಿರುಗಿ ಹೋಗುವರೆಂದು ಅಧಿಕಾರಿಗಳಿಗೆ ನಂಬಿಕೆ ಬಂದಿರಲಿಲ್ಲವಂತೆ.

ಅದೇ ಸಮಯಕ್ಕೆ ಕೆನಡಾದಲ್ಲೂ ಒಂದು ಚುನಾವಣೆ ನಡೆಯುತ್ತಿತ್ತು. ಅಕ್ಕಪಕ್ಕದವರ ಮನೆಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಗಳ ಹೆಸರಿನ ಬೋರ್ಡುಗಳು ಎದ್ದಿದ್ದವು. ಆದರೆ ಒಬ್ಬರನ್ನೊಬ್ಬರು ಬೈಯದೆ, "ಸಾರಿ" ಕೇಳುತ್ತಾ ನಡೆಯುವ ಚುನಾವಣೆಯನ್ನು ನೋಡಿಯಾದರೂ ಏನು ಮಾಡುವುದು?

ಒಂದು ಸಂಜೆ, ಅಮೆರಿಕದ ಡಿಬೇಟಿನಲ್ಲಿ ಏನೇನು ಮಾತಾಡಬಹುದು ಎಂದು ಪಂಡಿತರು ಮಾತಾಡುತ್ತಿದ್ದಾಗ ಬಾಗಿಲ ಬೆಲ್ ಆಯಿತು. ಕೋಟು ಹಾಕಿದ ಒಬ್ಬಾತ ಕಾಗದಗಳನ್ನು ಹಿಡಿದು ನಗುತ್ತಾ ನಿಂತಿದ್ದ. ಇಲ್ಲಿ ಮನೆಮನೆಗೆ ವಾಟರ್ ಹೀಟರ್ ಮಾರುವವರು ಬರುವುದೇ ಹಾಗೆ.

"ಸಾರಿ, ಎಲೆಕ್ಷನ್ ಈಸ್ ಆನ್. ಐ ಆಮ್ ವೆರಿ ಬಿಜಿ," ಎಂದೆ.

"ಸೋ ಆಮ್ ಐ, ಸರ್," ಎಂದ ಆತ. ಆತ ನಮ್ಮ ಕ್ಷೇತ್ರದ ಅಭ್ಯರ್ಥಿ!

ನಾನು ಬಾಯಿ ತೆರೆಯುವಷ್ಟರಲ್ಲಿ ಶೈಲಜಾ ಸೌಟು ಹಿಡಿದೇ ಓಡಿ ಬಂದಳು. ಅಮ್ಮನ ವೀಸಾದ ಕಥೆಯನ್ನು ಆತನ ಮುಂದಿಟ್ಟಳು. ಗೆದ್ದರೆ ಆಫೀಸಿಗೆ ಬನ್ನಿ ಎಂದು ಹೇಳಿ ಆತ ಮುಂದಿನ ಮನೆಗೆ ಹೋದ. ಗೆದ್ದೂಬಿಟ್ಟ.

ಆಫೀಸಿಗೆ ಹೋದೆವು. ಆತ ನನ್ನ ಗುರುತು ಹಿಡಿದು, ಮರ್ಯಾದೆಗೆಂದು, "ಅಮೆರಿಕದಲ್ಲಿ ಯಾರು ಗೆಲ್ಲಬಹುದು?" ಎಂದು ಕೇಳಿದ. ಇಷ್ಟು ದಿನದ ನನ್ನ ತಪಸ್ಸಿಗೆ ಒಬ್ಬ ಪಾರ್ಲಿಮೆಂಟ್ ಸದಸ್ಯ ಶ್ರೋತೃವಾಗಿ ಸಿಕ್ಕಿದ್ದ! ಫ್ಲಾರಿಡಾದಿಂದ ಶುರು ಮಾಡಿದೆ. ಪೆನ್ಸಿಲ್ವೇನಿಯಾಕ್ಕೆ ಬರುವಾಗ ಶೈಲಜಾ ಮೇಜಿನಡಿ ನನ್ನ ಪಾದ ತುಳಿದಳು. ಓಹಾಯೋ ತಲುಪುವಾಗ ಆತನ ಸಹಾಯಕಿ ಬಂದು, ಮುಂದಿನವರು ಕಾಯುತ್ತಿದ್ದಾರೆ ಎಂದಳು. ವೀಸಾದ ಮಾತೇ ಬಂದಿರಲಿಲ್ಲ.

ಶೈಲಜಾಳ ಕಣ್ಣಲ್ಲಿ ನೀರಾಡಿತು. ಅದನ್ನು ನೋಡಿ ನನ್ನ ರಾಜ್ಯಗಳೆಲ್ಲ ಒಮ್ಮೆಲೇ ಕುಸಿದವು. "ಅವ್ವನ್ನ ನೋಡಿ ಭಾಳ ವರ್ಷ ಆತು," ಎಂದು ಕನ್ನಡದಲ್ಲೇ ಹೇಳಿಬಿಟ್ಟಳು. ಆತನಿಗೆ ಏನು ಅರ್ಥವಾಯಿತೋ, ಎದ್ದವನು ಮತ್ತೆ ಕುಳಿತ. ಅವಳಿಂದ ಎಲ್ಲ ಕೇಳಿಕೊಂಡು ವೀಸಾ ಕಚೇರಿಗೆ ಪತ್ರ ಬರೆಸಿಕೊಟ್ಟ. ನಾನು ಗೋಡೆಯ ಮೇಲಿನ ಕೆನಡಾದ ನಕ್ಷೆಯನ್ನು ಮೊದಲ ಬಾರಿಗೆ ಶ್ರದ್ಧೆಯಿಂದ ನೋಡುತ್ತಿದ್ದೆ.

ಅಂತೂ ಬೇಸಿಗೆಗೆ ಅತ್ತೆ ಬಂದರು. ಅಷ್ಟರಲ್ಲಿ ಅಮೆರಿಕದವರು ಕಾರು ಕೊಳ್ಳುವುದನ್ನೇ ನಿಲ್ಲಿಸಿದ್ದರಿಂದ, ನಮ್ಮ ಕಾರ್ಖಾನೆಯವರು ನನಗೆ ಮನೆಯಲ್ಲಿರಲು ಹೇಳಿದ್ದರು. ಮತ್ತೆ ಯಾವಾಗ ಕರೆಯುತ್ತಾರೋ ಅವರಿಗೂ ಗೊತ್ತಿರಲಿಲ್ಲ. ನಾನು ಬೆಳಗಿನಿಂದ ಟೀವಿ ಮುಂದೆ ಕೂತಿರುವುದನ್ನು ಕಂಡ ಅತ್ತೆ, ಅಡುಗೆಮನೆಯಲ್ಲಿ ಮಗಳನ್ನು ಮೆಲ್ಲಗೆ ಕೇಳಿದರು: "ಅಳಿಯಂದಿರು ಮನ್ಯಾಗ ಕೂತು ಏನ್ ಕೆಲಸಾ ಮಾಡತಾರವಾ?"

"ಅಮೆರಿಕಾ ನೋಡ್ಕೋತಾರವ್ವಾ," ಎಂದಳು ಶೈಲಜಾ.

ಅತ್ತೆ ಅಂದೇ ಧಾರವಾಡಕ್ಕೆ ಫೋನು ಹಚ್ಚಿ, ಅಮೆರಿಕವನ್ನು ಸದ್ಯ ತಮ್ಮ ಅಳಿಯಂದಿರೇ ನೋಡಿಕೊಳ್ಳುತ್ತಿದ್ದಾರೆಂದು ನೆಂಟರಿಷ್ಟರಿಗೆಲ್ಲ ತಿಳಿಸಿದರು. ಆಗಿನ ಅಮೆರಿಕದ ಸ್ಥಿತಿಯಲ್ಲಿ ಆ ಆಪಾದನೆಯನ್ನು ಹೊರುವುದು ಯಾರಿಗೂ ಕಷ್ಟವೇ. ಆದರೆ ಅಲ್ಲಗಳೆದರೆ, ಬೇರೆ ಯಾವ ಕೆಲಸ ಮಾಡುತ್ತಿದ್ದೇನೆಂದು ಹೇಳಬೇಕಾಗುತ್ತಿತ್ತು.