ಅವ್ವ ಗಂಭೀರ, ಇನ್ನೂ ಜೀವಂತ

ನಮ್ಮ ಕಡೆಯ ಜನ ಜಡ್ಡಿಗೆ ಬರುವುದಿಲ್ಲ, ಸಾವಿಗೆ ಬರುತ್ತಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ, ವರದಿಯಾಗಿ ಹೇಳುತ್ತಿದ್ದೇನೆ. ಹಾಸಿಗೆ ಹಿಡಿದವರ ಸುದ್ದಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಿಂದಲೂ ಬರುವ ಉತ್ತರ ಒಂದೇ: ‘ಆರಾಮ ಆಗತೈತಿ ಬಿಡ್ರಿ.’ ಅದೇ ಮನುಷ್ಯ ತೀರಿಕೊಂಡ ಎಂದು ತಿಳಿಯಲಿ, ಎತ್ತು ಹೂಡಿದವರು ನೊಗ ಇಳಿಸಿ, ರೊಟ್ಟಿ ಬಡಿಯುತ್ತಿದ್ದವರು ಹಂಚು ಇಳಿಸಿ, ಜಗಳವಾಡಿ ಮಾತು ಬಿಟ್ಟವರು ಕೂಡ ಸಿಕ್ಕ ಗಾಡಿ ಹತ್ತಿ ಮಣ್ಣಿಗೆ ಬಂದು ನಿಲ್ಲುತ್ತಾರೆ. ಮಣ್ಣಿಗೆ ಬಾರದವನನ್ನು ಊರು ತಲೆಮಾರುಗಟ್ಟಲೆ ನೆನಪಿಡುತ್ತದೆ. ಜಡ್ಡಿಗೆ ಬಾರದವನನ್ನು ಜಡ್ಡಾದವರಷ್ಟೇ ನೆನಪಿಡುತ್ತಾರೆ. ಅವರೂ ಹೋದ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ.

ಆಗ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ನಮ್ಮ ಸಂಪಾದಕರಿಗೆ ಒಂದೇ ಒಂದು ಮಂತ್ರ ಗೊತ್ತಿತ್ತು: ಇಬ್ಬರು ಹೇಳದ ಸುದ್ದಿ ಸುದ್ದಿಯಲ್ಲ. ಈ ಮಂತ್ರ ಅವರಿಗೆ ಸುಮ್ಮನೆ ಸಿದ್ಧಿಸಿದ್ದಲ್ಲ. ಹಿಂದೊಮ್ಮೆ ಒಬ್ಬರೇ ಹೇಳಿದ್ದನ್ನು ನಂಬಿ ಹಿರಿಯ ವ್ಯಾಪಾರಿಯೊಬ್ಬರ ನಿಧನವಾರ್ತೆ ಅಚ್ಚುಹಾಕಿದ್ದರು. ಮಧ್ಯಾಹ್ನ ಆ ವ್ಯಾಪಾರಿಗಳೇ ಕೊಡೆ ಹಿಡಿದುಕೊಂಡು ಕಚೇರಿಗೆ ಬಂದರು. ಸಂಪಾದಕರು ಎದ್ದು ಕೈಮುಗಿದು ನಾಳೆಯೇ ತಿದ್ದುಪಡಿ ಹಾಕುತ್ತೇವೆ ಎಂದರೆ ಅವರು, ‘ಬ್ಯಾಡ್ರಿ, ಭಾಳ ಛಲೋ ಬರದೀರಿ. ನಾ ಖರೇನ ಹೋದ ಮ್ಯಾಲೆ ನೀವು ಇಷ್ಟ ಛಲೋ ಬರೀತೀರಿ ಅನ್ನೂದಕ್ಕ ಗ್ಯಾರಂಟಿ ಇಲ್ಲ’ ಎಂದು ಇನ್ನಷ್ಟು ಪ್ರತಿ ಕೇಳಿ ಪಡೆದು ಹೋದರಂತೆ. ನಾನು ಈ ಮಂತ್ರವನ್ನು ಅನ್ನದಂತೆ ಉಂಡವನು. ಹೆಂಡತಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ ಇನ್ನೊಬ್ಬರನ್ನು ಕೇಳಿಯೇ ನಂಬುತ್ತಿದ್ದೆ.

ವಿಜಾಪುರ ಜಿಲ್ಲೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದ ಕಾಲ. ಬಿಳಿಜೋಳ ಆಳೆತ್ತರ ನಿಂತಿದ್ದ ಚಳಿಗಾಲದಲ್ಲಿ ನಮ್ಮೂರು ತಾಂಬಾದಿಂದ ಸುದ್ದಿ ಬಂತು, ಅವ್ವನಿಗೆ ಉಸಿರು ಕಟ್ಟುತ್ತಿದೆ ಎಂದು. ಅಪ್ಪ ತೀರಿಕೊಂಡ ಮೇಲೆ ಅವ್ವ ಹೊಲ ನೋಡಿಕೊಂಡು ಅಲ್ಲೇ ಇದ್ದಳು. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ನಾನೊಬ್ಬನೇ ರಜೆ ಹಾಕಿ ಹೋದೆ. ಇಂಡಿಯಿಂದ ಕರೆಸಿದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಬಂದು, ‘ಹೃದಯ ದಣದೈತ್ರಿ. ಮಲಗಿಸಬ್ಯಾಡ್ರಿ, ಮಲಗಿಸಿದ್ರ ಉಸಿರು ನಿಲ್ತೈತಿ. ಕೂಡಿಸ್ರಿ, ಮಗ್ಗಲಿಗೆ ಯಾರರ ಒಬ್ಬರು ಹಗಲೂ ರಾತ್ರಿ ಇರಬೇಕು. ಒಂದು ತಿಂಗಳು ಹಿಂಗ ದಾಟಿಸಿದ್ರ ದಾಟ್ತಾರ. ಆದ್ರ ಒಬ್ಬರ ಕೈಲೆ ಆಗೂ ಕೆಲಸಲ್ಲ ಇದು’ ಎಂದರು. ಆಗ ಮನೆಯಲ್ಲಿದ್ದದ್ದು ನಾನೊಬ್ಬ. ಹಗಲು ಸಹಾಯಕ್ಕೆ ಪಕ್ಕದ ಮನೆಯ ಹುಸೇನಬಿ. ಅವ್ವನಿಗೆ ಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ಜನ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ಜೋಲಿ ಹೊಡೆಯದಂತೆ ಎದೆಗೆ ಬಟ್ಟೆ ಬಿಗಿದು, ಹಣೆಗೆ ವಿಭೂತಿ ಹಚ್ಚಿ, ಬಂದವರಿಗೆ ಮುಖ ಕಾಣುವಂತೆ ಬಾಗಿಲಿಗೆ ಎದುರಾಗಿ ಇಡುತ್ತಾರೆ. ಡಾಕ್ಟರ ಮಾತಿನಂತೆ ನಾನು ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿದೆ. ತೂಕಡಿಸಿದಾಗ ಜಾರದಂತೆ ಧೋತರದ ತುಂಡಿನಿಂದ ಎದೆಗೆ ಬಿಗಿದೆ. ಗಾಳಿ ಬರಲೆಂದು ಬಾಗಿಲಿಗೆ ಎದುರು ಮಾಡಿದೆ. ವಿಭೂತಿ ಅವಳೇ ಹಚ್ಚಿಕೊಂಡಳು. ಎಲ್ಲ ಮುಗಿಸಿ ಹಿಂದೆ ಸರಿದು ನೋಡಿದೆ. ಹತ್ತಿರ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದೆ. ಕಣ್ಣು ತೆರೆಯದೆಯೇ ಅವ್ವ ಹೇಳಿದಳು:

‘ಇನ್ನೂ ಅದೇನಿ, ಬಸು.’

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರಿಂದ ಬಿದ್ದ ರೊಟ್ಟಿಯಷ್ಟಗಲದ ಬಿಸಿಲು ಬೆಳಿಗ್ಗೆ ಪಡಸಾಲೆಯ ಆ ತುದಿಯಲ್ಲಿದ್ದು, ಹೊತ್ತೇರಿದಂತೆ ನೆಲದ ಮೇಲೆ ಸರಿದು ಸರಿದು, ಮಧ್ಯಾಹ್ನ ಇಳಿಯುವಾಗ ಅವ್ವನ ಕಾಲಬುಡಕ್ಕೆ ಬರುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಮಾಳಿಗೆಯ ಮೇಲೆ ಒಂದು ಕಾಗೆ ಬಂದು ಕಿಂಡಿಯಲ್ಲಿ ಇಣುಕುತ್ತಿತ್ತು. ಬಿಸಿಲಿನ ರೊಟ್ಟಿಯ ನಡುವೆ ಅದರ ತಲೆಯ ನೆರಳು. ಕೂಗುತ್ತಿರಲಿಲ್ಲ. ಅದು ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

‘ಅದಽ ಕಾಗಿ’ ಎಂದಳು ಅವ್ವ. ‘ಮೆಣಸಿನಕಾಯಿ ಹರವಾಕ ಮಾಳಗಿ ಏರಿದಾಗ ತೆಲಿಮ್ಯಾಗ ಬಡದು ಹೋತು. ಅವತ್ತಿಂದಽ ಈ ಜಡ್ಡು.’

ಕಾಗೆ ತಲೆಗೆ ಬಡಿದರೆ ಸಾವು ಎಂದು ನಮ್ಮಲ್ಲಿ ನಂಬುತ್ತಾರೆ. ಅದಕ್ಕೆ ಪರಿಹಾರವೂ ಉಂಟು. ಕಾಗೆ ಬಡಿದವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಅತ್ತರೆ, ಬರಬೇಕಾದ ಸಾವು ತನ್ನ ಪಾಲಿನ ಅಳು ಸಂದಿತೆಂದು ತಿಳಿದು ಹೊರಟುಹೋಗುತ್ತದೆ.

‘ನಾ ಸತ್ತೇನಿ ಅಂತ ಒಂದ ಮಾತು ಹೇಳಿ ಕಳಸೋ. ದೋಷಾನೂ ಹೋಗತೈತಿ, ಮಕ್ಕಳೂ ಬರತಾವ’ ಎಂದಳು.

ನಾನು ಒಪ್ಪಲಿಲ್ಲ. ಪತ್ರಿಕೆಯವನು ತಾಯಿಯ ವಿಷಯದಲ್ಲೇ ಸುಳ್ಳು ಸುದ್ದಿ ಹಬ್ಬಿಸುವುದೇ? ನಿಜವನ್ನೇ ಬರೆದು ಕರೆಸುತ್ತೇನೆ ಎಂದು ಸಿಂದಗಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಅಣ್ಣ ಮಲ್ಲಣ್ಣನಿಗೆ, ಮುದ್ದೇಬಿಹಾಳಕ್ಕೆ ಕೊಟ್ಟ ಗೌರಕ್ಕನಿಗೆ, ಬಾಗೇವಾಡಿಯಲ್ಲಿ ಮಾಸ್ತರನಾಗಿದ್ದ ತಮ್ಮ ಈರಣ್ಣನಿಗೆ ಕಾಗದ ಬರೆದೆ. ಅಣ್ಣ ಬರೆದ: ಗೌರಿ ಹೆಣ್ಣುಮಗಳು, ಆರೈಕೆ ಅವಳಿಗೇ ಚೆನ್ನಾಗಿ ಬರುತ್ತದೆ. ಅಕ್ಕ ಬರೆಸಿದಳು: ಮಲ್ಲಣ್ಣ ಹತ್ತಿರದಲ್ಲೇ ಇದ್ದಾನಲ್ಲ. ಈರಣ್ಣ, ಸಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದಾರೆ, ನೀನು ಇದ್ದೀಯಲ್ಲ ಎಂದ. ಮೂವರೂ ಕೊನೆಯಲ್ಲಿ ಅವ್ವನಿಗೆ ಶಿರಸಾಷ್ಟಾಂಗ ನಮಸ್ಕಾರ ಕಳಿಸಿದ್ದರು. ಅವನ್ನು ಓದಿ ಹೇಳಿದಾಗ ಹುಸೇನಬಿ, ‘ನಮಸ್ಕಾರ ಬಂದು ಗಂಜಿ ಕುಡಸ್ತಾವೇನ್ರಿ?’ ಎಂದು ಕೇಳಿ ಗಂಜಿ ಆರಿಸುತ್ತ ಕೂತಳು.

ಅಷ್ಟರಲ್ಲಿ ಅವ್ವನ ಪಾದ ಬಾತುಕೊಂಡಿತು. ಎದುರಿಗೆ ಯಾರೋ ನಿಂತಂತೆ ಬಾಗಿಲ ಕಡೆ ನೋಡುತ್ತ, ‘ತಡೀರಿ, ಬರ್ತೇನಿ’ ಎನ್ನತೊಡಗಿದಳು. ಅಪ್ಪನಿಗೆ ಮಾತ್ರ ಅವಳು ಆ ದನಿಯಲ್ಲಿ ಉತ್ತರ ಕೊಡುತ್ತಿದ್ದದ್ದು. ನಾನು ನಿದ್ದೆಗೆಟ್ಟು ನಿಂತಲ್ಲೇ ತೂಗಾಡುತ್ತಿದ್ದೆ. ಒಮ್ಮೆ ಅವಳು ಗೋಡೆಯಿಂದ ಜಾರಿ ಏದುಸಿರು ಬಿಡುತ್ತಿದ್ದರೂ ನನಗೆ ಎಚ್ಚರವಾಗಲಿಲ್ಲ. ಹುಸೇನಬಿ ಓಡಿಬಂದು ಎತ್ತಿ ಕೂಡಿಸಿದಳು. ಇನ್ನೊಮ್ಮೆ ಹಾಗಾದರೆ ಅವ್ವ ಉಳಿಯುವುದಿಲ್ಲ ಎಂಬುದಕ್ಕೆ ಎರಡನೆಯ ಸಾಕ್ಷಿ ಬೇಕಿರಲಿಲ್ಲ. ಇಂಡಿಯ ಅಂಚೆ ಕಚೇರಿಗೆ ಹೋಗಿ ಮೂವರಿಗೂ ತಂತಿ ಸುದ್ದಿ, ಅಂದರೆ ತಾರು ಕೊಟ್ಟೆ.

ಆ ಕಾಲಕ್ಕೆ ನಮ್ಮ ಕಡೆ ತಾರನ್ನು ಓದುವ ರೂಢಿ ಇರಲಿಲ್ಲ. ತಾರು ಬಂತೆಂದರೆ ಸಾಕು, ಒಡೆಯುವ ಮೊದಲೇ ಹೆಂಗಸರು ಅಳಲು ಕೂತುಬಿಡುತ್ತಿದ್ದರು. ‘ತಾಯಿ ಗಂಭೀರ, ಕೂಡಲೇ ಹೊರಡಿ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ತಾರು ಗುಮಾಸ್ತರು ಓದಿ, ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು, ‘ಯಾವಾಗ ಹೋದರ್ರಿ?’

‘ಹೋಗಿಲ್ಲರಿ. ಗಂಭೀರ ಅಷ್ಟ.’

‘ಎಲ್ಲಾರೂ ಗಂಭೀರ ಅಂತಽ ಬರಸ್ತಾರ್ರಿ ಸಾಹೇಬರ. ಸತ್ತಾರಂತ ಯಾರು ಬರಸ್ತಾರ?’

ನನ್ನೊಳಗಿನ ಉಪಸಂಪಾದಕ ಎಚ್ಚೆತ್ತ. ಸಂದಿಗ್ಧವಿರುವ ವಾಕ್ಯವನ್ನು ಮುಂದೆ ಬಿಡುವುದು ನನ್ನ ಜಾಯಮಾನವಲ್ಲ. ಕಾಗದ ಹಿಂದೆ ತೆಗೆದುಕೊಂಡು ನಡುವೆ ‘ಇನ್ನೂ ಜೀವಂತ’ ಎಂದು ಸೇರಿಸಿದೆ. ಗುಮಾಸ್ತರು ನನ್ನನ್ನು ಕನಿಕರದಿಂದ ನೋಡಿದರು.

‘ಈಗ ಖಾತ್ರೀನ ಆತ್ರಿ. ಜೀವಂತ ಇದ್ದಾರಂತ ಯಾರರ ರೊಕ್ಕಾ ಕೊಟ್ಟು ತಾರು ಮಾಡ್ತಾರೇನ್ರಿ?’

ಮರುದಿನ ಬೆಳಿಗ್ಗೆ ದಟ್ಟ ಮಂಜು. ಹೊಲದ ಕಡೆಯಿಂದ ಗುದ್ದಲಿಯ ಸದ್ದು ಕೇಳುತ್ತಿತ್ತು. ಯಾರೋ ಬಾವಿ ತೋಡುತ್ತಿರಬೇಕು ಎಂದೆ. ಅವ್ವ ಕಿವಿಗೊಟ್ಟು ಕೇಳಿ, ‘ಬಾವಿ ಸಪ್ಪಳ ಹಂಗಿರಂಗಿಲ್ಲ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಬಂದರು. ಗೌರಿ ಅಳಾಕತ್ತಾಳ ಕೇಳು’ ಎಂದಳು. ನನಗೇನೂ ಕೇಳಿಸಲಿಲ್ಲ. ಬಾಗಿಲಿಗೆ ಬಂದು ನಿಂತೆ. ಮಂಜು, ಗುದ್ದಲಿಯ ಸದ್ದು, ಅಷ್ಟೇ. ನಾನು ಒಳಗೆ ಬಂದು ಗಂಜಿ ಕಾಯಿಸಿ, ಆರಿಸಿ, ಅವಳಿಗೆ ಕುಡಿಸಿ, ಬಾಯಿ ಒರೆಸಿದ ಮೇಲೆ ಊರ ಹೊರಗಿನಿಂದ ಮೊದಲ ಅಳು ಕೇಳಿಸಿತು.

ಮೂವರೂ ಒಂದೇ ಟ್ರಕ್ಕಿನಲ್ಲಿ ಬಂದಿದ್ದರು. ಅಕ್ಕ ಮತ್ತು ಈರಣ್ಣ ಮನಗೂಳಿಯಲ್ಲಿ ಕೂಡಿಕೊಂಡು ಸಿಂದಗಿಗೆ ಬಂದಿದ್ದರು. ಅಲ್ಲಿಂದ ಅಣ್ಣನೊಡನೆ ಸೊಸೆಯಂದಿರು, ಮಕ್ಕಳು, ಬೀಗರು, ತಾಳ–ದಪ್ಪಿನ ಸಮೇತ ಒಂದು ಭಜನಾ ಮೇಳ. ಜೊತೆಗೆ ಹೂವಿನ ಮಾಲೆ, ವಿಭೂತಿ ಗಟ್ಟಿ, ತೆಂಗಿನಕಾಯಿ, ಹೊಸ ಬಿಳಿ ಬಟ್ಟೆ. ಅಣ್ಣ ವ್ಯವಸ್ಥೆಯ ಮನುಷ್ಯ. ಹಿಂದಿನ ದಿನವೇ ಸೈಕಲ್ಲಿನ ಮೇಲೆ ಆಳು ಕಳಿಸಿ ನಮ್ಮ ಹೊಲದಲ್ಲಿ ಕುಣಿ ತೋಡಲು ಹಚ್ಚಿದ್ದ. ಮಂಜಿನೊಳಗಿಂದ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಒಬ್ಬೊಬ್ಬರಾಗಿ ಮೂಡಿ ಬಂದರು. ಹುಸೇನಬಿ ಗಂಜಿಯ ಸವಟು ಹಿಡಿದು ಬಾಗಿಲಲ್ಲಿ ಅಡ್ಡ ನಿಂತು, ‘ಅದಾಳ್ರೀ, ಅವ್ವ ಅದಾಳ! ಅಳಬ್ಯಾಡ್ರಿ!’ ಎಂದು ಕೂಗಿದಳು. ಅಳುವವರಿಗೆ ಬೇರೆಯವರ ಮಾತು ಕೇಳಿಸುವುದಿಲ್ಲ. ಒಳಗೆ ಬಂದು ನೋಡಿದರೆ ಗೋಡೆಗೆ ಆನಿಸಿ ಕೂಡಿಸಿದ ಅವ್ವ, ಎದೆಗೆ ಬಟ್ಟೆ, ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು. ಇನ್ನೇನು ಬೇಕು?

ನಮ್ಮಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಗೌರಕ್ಕ ಅವ್ವನ ಮುಂದೆ ಕುಸಿದು ಕೂತು ಶುರುಮಾಡಿದಳು:

‘ಎಲ್ಲಿಗಿ ಹೋದೆವ್ವಾ ನನ ಹಡದವ್ವಾ… ತವರಮನಿ ಬಾಗಿಲಾ ಮುಚ್ಚಿತವ್ವಾ… ನಿನ್ನ ಕೊಳ್ಳಾಗಿನ ಬೋರಮಾಳ ಸರ ನನಗಽ ಅಂತ ಅಂದಿದ್ದೆಲ್ಲವ್ವಾ…’

ಅವ್ವ ಒಂದು ಕಣ್ಣು ತೆರೆದಳು.

‘ಯಾವಾಗ ಅಂದಿದ್ನೇ?’

ಅನಂತರ ನಡೆದದ್ದನ್ನು ಅನುಕ್ರಮವಾಗಿ ವರದಿ ಮಾಡುವುದು ಕಷ್ಟ. ತಾಳ ಹಿಡಿದವನು ತಾಳ ಕೆಡವಿದ. ದಪ್ಪಿನವನು ದಪ್ಪು ಬಿಟ್ಟು ಓಡಿದ. ಈರಣ್ಣ ಮಾಸ್ತರ ಕಂಬ ತಬ್ಬಿಕೊಂಡು ಮಗ್ಗಿಯೋ ಮಂತ್ರವೋ ಏನನ್ನೋ ಹೇಳತೊಡಗಿದ. ಗೌರಕ್ಕ ಮಾತ್ರ ಕೂತಲ್ಲೇ ಕೂತು, ಬಾಯಿ ತೆರೆದುಕೊಂಡೇ ಕೈ ಚಾಚಿ ಅವ್ವನ ಪಾದ ಮುಟ್ಟಿದಳು. ಬಾವು ಬೆರಳಿಗೆ ಹತ್ತಿತು. ಆಗ ಅವಳಿಗೆ ನಿಜವಾದ ಅಳು ಬಂತು, ಅದಕ್ಕೆ ಹಾಡಿರಲಿಲ್ಲ.

ಎಲ್ಲ ತಿಳಿಯಾದ ಮೇಲೆ ಅಣ್ಣ ನನ್ನ ಕಡೆ ತಿರುಗಿದ. ‘ಏನಲೇ ಇದು? ಪೇಪರಿನವ ಅಂತೀ, ಒಂದ ತಾರು ನೆಟ್ಟಗ ಬರ್ಯಾಕ ಬರಂಗಿಲ್ಲಾ?’ ನಾನು ತಾರಿನ ಪ್ರತಿ ಪದದ ನಿಖರತೆಯನ್ನು ಸಮರ್ಥಿಸಿಕೊಳ್ಳುತ್ತಿದ್ದಂತೆ ಅವ್ವ ಕೈಯೆತ್ತಿದಳು. ಉಸಿರು ಕೂಡಿಸಿಕೊಂಡು ಕೇಳಿದಳು:

‘ಮಲ್ಲೂ, ನಾ ಸತ್ತಿದ್ರ ಎಷ್ಟ ದಿನಾ ಇರತಿದ್ರಿ?’

ಅಣ್ಣ ತಡವರಿಸಿದ. ‘ದಿನಕರ್ಮಾ ಮಾಡೂತನಕ ಇರಬೇಕಲ್ಲವ್ವಾ. ಅಂಗಡಿ ಮುಚ್ಚಿ ಬಂದೇನಿ.’

‘ಹಂಗಾರ ಅಷ್ಟ ದಿನಾ ಇರ್ರಿ. ಸತ್ತಾಕಿಗಿ ಕೊಡೂ ದಿನಾ ಇದ್ದಾಕಿಗಿ ಕೊಡ್ರಿ.’

ಹುಸೇನಬಿ ಸವಟನ್ನು ಗೌರಕ್ಕನ ಕೈಗಿಟ್ಟು ತನ್ನ ಮನೆಗೆ ಹೋದಳು.

ನಾನು ಪತ್ರಿಕೆಯ ಕಚೇರಿಯಂತೆ ಪಾಳಿ ಹಚ್ಚಿದೆ. ಬೆಳಗಿನ ಪಾಳಿ ಅಕ್ಕ, ಸಂಜೆಯದು ಸೊಸೆಯಂದಿರು, ರಾತ್ರಿಯದು ಗಂಡುಮಕ್ಕಳು. ತನ್ನ ನೀರನ್ನು ತಾನೇ ಬಗ್ಗಿಸಿಕೊಂಡು ಕುಡಿದು ಗೊತ್ತಿಲ್ಲದ ಮಲ್ಲಣ್ಣ ಉಪ್ಪಿಲ್ಲದ ಗಂಜಿ ಕಾಯಿಸಲು ಕಲಿತ. ಹೆಣಕ್ಕೆಂದು ತಂದ ಬಿಳಿ ಬಟ್ಟೆಯಲ್ಲಿ ಹತ್ತಿ ತುಂಬಿ ಅವ್ವನ ಬೆನ್ನಿಗೆ ಗಾದಿ ಮಾಡಿದರು. ತೆಂಗಿನಕಾಯಿ ಚಟ್ನಿಗೆ ಹೋದವು. ಭಜನಾ ಮೇಳದವರು, ಬಂದದ್ದು ಬಂದಿದ್ದೇವೆ ಎಂದು ಸಂಜೆ ಹಾಡಿ ಉಂಡು ಹೋದರು. ಆ ದಿನಗಳು ಮುಗಿದ ಮೇಲೂ ಯಾರೂ ಹೊರಡಲಿಲ್ಲ. ಮೊದಲು ಎದ್ದವರನ್ನು ಊರು ನೆನಪಿಡುತ್ತದೆಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಹೀಗೆ ಕೂತೂ ಕೂತೂ ಡಾಕ್ಟರು ಹೇಳಿದ ತಿಂಗಳು ದಾಟಿತು. ಅವ್ವನ ಪಾದದ ಬಾವು ಇಳಿಯಿತು. ಒಂದು ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ಅವ್ವನ ಕಾಲಬುಡಕ್ಕೆ ಬಂದಾಗ ನೋಡಿದೆ, ಕಾಗೆಯ ನೆರಳಿರಲಿಲ್ಲ.

ಅದು ಹೊಲದಲ್ಲಿ ಕುಣಿಯ ಅಂಚಿನಲ್ಲಿ ಕೂತಿತ್ತು.

‘ತೋಡಿದ ಕುಣಿ ಬರಿದ ಬಿಡಬಾರದ್ರಿ, ಅದು ಯಾರನ್ನರ ಕೇಳತೈತಿ’ ಎಂದು ತೋಡಿದವರು ಪಟ್ಟು ಹಿಡಿದಿದ್ದರು. ಮುಚ್ಚುವ ಧೈರ್ಯವೂ ಯಾರಿಗಿರಲಿಲ್ಲ. ಕೊನೆಗೆ ಅವ್ವನೇ ಹೇಳಿದಳು, ‘ಲಿಂಬಿ ಸಸಿ ಇಡ್ರಿ. ಇಷ್ಟ ಆಳ ತೆಗ್ಗ ಸಸಿಗಂತಽ ಮುದ್ದಾಂ ತೋಡಸ್ರಿ ಅಂದ್ರ ಯಾರು ತೋಡಸ್ತೀರಿ?’ ಸಸಿ ಇಟ್ಟೆವು. ನಮ್ಮ ಮನೆಯ ಉಪ್ಪಿನಕಾಯಿಗೆಲ್ಲ ಅದೇ ಗಿಡದ ಕಾಯಿ. ರುಚಿ ಚೆನ್ನಾಗಿದೆ, ಹೊಸಬರಿಗೆ ಗಿಡದ ಕತೆಯನ್ನು ಉಂಡ ಮೇಲೆ ಹೇಳುತ್ತೇವೆ. ಗಿಡ ಕಾಯಿ ಬಿಟ್ಟ ಮೇಲೂ ಅವ್ವ ಹಲವು ವರ್ಷ ಇದ್ದಳು. ಕೊನೆಯ ಜಡ್ಡಿಗೆ ಮಕ್ಕಳೆಲ್ಲ ಮೊದಲೇ ಬಂದು ಪಾಳಿ ಹಚ್ಚಿಕೊಂಡಿದ್ದರು, ನಿಜವಾಗಿ ಹೋದ ದಿನ ತಾರು ಬೇಕಾಗಲಿಲ್ಲ. ಬೆಳಗಿನ ಪಾಳಿ, ಗೌರಕ್ಕ ಪಕ್ಕದಲ್ಲೇ ಇದ್ದಳು.

ಒಂದು ಮಾತು ಉಳಿದಿದೆ. ಜಡ್ಡು ಇಳಿದ ಮೇಲೆ ಅವ್ವ ಒಮ್ಮೆ ಸೊಸೆಯಂದಿರನ್ನೂ ಅಕ್ಕನನ್ನೂ ಎದುರು ಕೂಡಿಸಿಕೊಂಡು, ಆ ಮುಂಜಾನೆ ಯಾರ‍್ಯಾರು ಅಳುತ್ತ ಬಂದಿರಿ ಎಂದು ವಿಚಾರಿಸಿದಳು. ಎಲ್ಲರ ದನಿಯೂ ಅವಳಿಗೆ ಗೊತ್ತು. ಕೇಳಿ ಮುಗಿಸಿ, ‘ಮತ್ತ ಇನ್ನೊಬ್ಬಾಕಿ ಇದ್ದಳಲ್ಲ, ಹಿಂದಽ. ಮುದುಕಿ ದನಿ. ಥೇಟ ನಮ್ಮವ್ವನಂಗ. ಆಕಿ ಯಾಕ ಒಳಗ ಬರಲಿಲ್ಲ?’ ಎಂದಳು. ಅವಳ ಅವ್ವ ಸತ್ತು ಎಷ್ಟೋ ಕಾಲವಾಗಿತ್ತು. ಹೆಂಗಸರು ಪರಸ್ಪರ ನೋಡಿಕೊಂಡು, ಅಂಥವರು ಯಾರೂ ಬಂದಿಲ್ಲ, ತಾವು ಕೇಳಿಲ್ಲ ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಆ ಮುಂಜಾನೆ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದವನು ನಾನು.

ಗಂಜಿ ತಳ ಹತ್ತುತ್ತದೆ, ಒಲೆ ನೋಡಬೇಕು ಎಂದು ಎದ್ದು ಹೋದೆ. ಅವ್ವ ಒಬ್ಬಳೇ ಹೇಳಿದ ಮಾತು ಅದು, ಹಾಗಾಗಿ ಸುದ್ದಿಯಲ್ಲ. ನಾನು ಅಂದು ಬಾಗಿಲಲ್ಲಿ ನಿಂತು ಏನು ಕೇಳಿದೆ ಎಂಬುದನ್ನು ಇಂದಿನವರೆಗೂ ಯಾರ ಮುಂದೆಯೂ ಹೇಳಿಲ್ಲ. ಹೇಳಿದರೆ ಇಬ್ಬರಾಗಿಬಿಡುತ್ತೇವೆ.